ಒಂದು ಕಟಿಂಗ್‌ನಷ್ಟು ಉದ್ದದ ಕಥೆ

ಮಕ್ಕಳ ಕೋಣೆಯಲ್ಲಿ ಮಗುವಿಲ್ಲದ ಗಂಡಸೊಬ್ಬ ಬಂದು ಕೂತರೆ ಯಾರಿಗೆ ತಾನೇ ಗಾಬರಿಯಾಗುವುದಿಲ್ಲ? ಅದರಲ್ಲೂ ನನಗೆ. ಫೋನ್ ರಿಂಗಾದರೂ ನನಗೆ ಗಾಬರಿ, ಆಗದಿದ್ದರೂ ಗಾಬರಿ. "ಚಿಂತೆಗೆ ಡಿಗ್ರಿ ಕೊಡೋ ಹಾಗಿದ್ರೆ ನಿನಗೆ ಗೋಲ್ಡ್ ಮೆಡಲ್ ಕಣೇ" ಎಂದು ಅಕ್ಕ ಆಡಿಕೊಳ್ಳುತ್ತಲೇ ಇರುತ್ತಾಳೆ.

ನಾನು ಲೈಬ್ರರಿಯ ಮಕ್ಕಳ ವಿಭಾಗ ನೋಡಿಕೊಳ್ಳುವವಳು. ಅಕ್ಷರ ಬಾರದ ಮಕ್ಕಳಿಗೆ ಚಿತ್ರದ ಪುಸ್ತಕ ಓದಿ ಹೇಳುವುದು, ಅವರು ಕಚ್ಚಿ ಜೊಲ್ಲು ಸುರಿಸಿದ ರಟ್ಟಿನ ಪುಸ್ತಕಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು, ಹರಿದ ಹಾಳೆಗೆ ಟೇಪ್ ಹಚ್ಚುವುದು ನನ್ನ ಕೆಲಸ. ಮಗು ಜೊತೆಗಿಲ್ಲದೆ ದೊಡ್ಡವರು ಒಳಗೆ ಬರಬಾರದೆಂದು ಬಾಗಿಲಿಗೆ ಬೋರ್ಡನ್ನೂ ಹಾಕಿದ್ದೇವೆ.

ಆ ಮನುಷ್ಯ ಬೋರ್ಡ್ ಓದಿರಲಿಲ್ಲವೋ, ಓದಿಯೂ ಲೆಕ್ಕಕ್ಕಿಟ್ಟಿರಲಿಲ್ಲವೋ. ಅಂಗೈಯಗಲದ ಕೆಂಪು ಕುರ್ಚಿಯಲ್ಲಿ ಮಂಡಿ ಎದೆಗೆ ತಾಗುವಂತೆ ಕೂತು, ಒಂದು ಪುಸ್ತಕವನ್ನು ಎಡಗೈಯಲ್ಲಿ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದರು. ಬಲಗೈಯ ಎರಡು ಬೆರಳುಗಳು ಗಾಳಿಯಲ್ಲಿ ಏನನ್ನೋ ಕತ್ತರಿಸುತ್ತಿದ್ದವು. ಪುಟ ತಿರುಗಿಸುತ್ತಾರೆ, ಬೆರಳಾಡಿಸುತ್ತಾರೆ, ಊಹುಂ ಎಂದು ತಲೆಯಾಡಿಸಿ ಇನ್ನೊಂದು ಪುಸ್ತಕ ಎತ್ತಿಕೊಳ್ಳುತ್ತಾರೆ.

ಧೈರ್ಯ ತಂದುಕೊಂಡು ಹತ್ತಿರ ಹೋದೆ.

"ನಿಮ್ಮ ಮಗು ಎಲ್ಲಿ ಸರ್?"

"ಮಗು ಇಲ್ಲ."

"ಹಾಗಾದ್ರೆ..."

"ಮದುವೇನೂ ಆಗಿಲ್ಲ," ಎಂದರು, ಕೇಳದೇ ಇದ್ದದ್ದಕ್ಕೂ ಉತ್ತರ ಕೊಟ್ಟು. ಕೂಡಲೇ ಅವರಿಗೇ ನಾಚಿಕೆಯಾಗಿ ಎದ್ದು ನಿಂತರು. ಪುಟ್ಟ ಕುರ್ಚಿ ಅವರಿಗೆ ಅಂಟಿಕೊಂಡೇ ಮೇಲೆ ಬಂತು. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ನನ್ನ ಗಾಬರಿ ಅರ್ಧ ಇಳಿದಿತ್ತು.

"ಮೇಡಂ, ಒಂದು ಕಟಿಂಗ್‌ನಷ್ಟು ಉದ್ದದ ಪುಸ್ತಕ ಇದ್ಯಾ?"

"ಏನು ಕಟಿಂಗ್?"

"ಹೇರ್ ಕಟಿಂಗ್."

ಪಕ್ಕದ ಬೀದಿಯ ತಿರುವಿನಲ್ಲಿ ಅವರದೊಂದು ಸಲೂನ್. ಒಬ್ಬರದೇ ಅಂಗಡಿ. ಈಚೆಗೆ ಮಕ್ಕಳೂ ಬರಲು ಶುರುವಾಗಿತ್ತು. ಅಮ್ಮಂದಿರು ಮಗುವಿನ ಕೈಗೆ ಫೋನ್ ಕೊಟ್ಟುಬಿಡುತ್ತಾರೆ. ಗದ್ದ ಎದೆಗೆ ಅಂಟುತ್ತದೆ. ಮುಂಗೂದಲು ಕತ್ತರಿಸಲು ಫೋನ್ ಕಿತ್ತುಕೊಂಡರೆ ಸೂರು ಹಾರಿಹೋಗುವ ಹಾಗೆ ಕಿರುಚಾಟ. ಅದಕ್ಕೇ ಇವರು ಕನ್ನಡಿಯ ಚೌಕಟ್ಟಿಗೆ ಒಂದು ಮರದ ಪಟ್ಟಿ ಹೊಡೆದು, ಅದರ ಮೇಲೆ ಪುಸ್ತಕ ನಿಲ್ಲಿಸುವ ಉಪಾಯ ಹೂಡಿದ್ದರು. ಮಗು ನೇರ ನೋಡುತ್ತದೆ, ಇವರು ಓದುತ್ತಾ, ಪುಟ ತಿರುಗಿಸುತ್ತಾ ಕೂದಲು ಕತ್ತರಿಸುತ್ತಾರೆ.

"ಆದ್ರೆ ಎಲ್ಲಾ ಪುಸ್ತಕಾನೂ ಆಗಲ್ಲ ಮೇಡಂ," ಎಂದರು. ಈಗ ದನಿಗೆ ಕಳೆ ಬಂದಿತ್ತು. "ಪಕ್ಕಕ್ಕೆ ಓಡೋದು ಬೇಡ. ಮೊಲ ಎಡಗಡೆ ಓಡಿದ್ರೆ ಮಗು ತಲೇನೂ ಎಡಗಡೆ ಓಡುತ್ತೆ. ಬೆಕ್ಕು ಎಲ್ಲಿದೆ ಹುಡುಕು ಅನ್ನೋದು ಬೇಡವೇ ಬೇಡ. ಚಪ್ಪಾಳೆ ಹೊಡಿ, ಕುಣಿ ಅನ್ನೋದೂ ಬೇಡ. ನಗಿಸೋ ಪುಸ್ತಕ ಅಂತೂ..." ಮುಂದಿನದನ್ನು ಹೇಳದೆ ಎರಡು ಬೆರಳಿನ ಕತ್ತರಿಯನ್ನು ತಮ್ಮ ಕಿವಿಯ ಪಕ್ಕಕ್ಕೆ ತಂದು ಕಣ್ಣು ಗಟ್ಟಿಯಾಗಿ ಮುಚ್ಚಿದರು.

ಮಕ್ಕಳನ್ನು ಎಬ್ಬಿಸಿ ಕುಣಿಸುವ ಪುಸ್ತಕ ಕೇಳಿಕೊಂಡು ಬಂದವರನ್ನು ನೋಡಿದ್ದೆ. ಬೇಗ ನಿದ್ದೆ ಬರಿಸುವ ಪುಸ್ತಕ ಕೊಡಿ ಎಂದು ಅಂಗಲಾಚಿದ ಅಪ್ಪಂದಿರನ್ನೂ ನೋಡಿದ್ದೆ. ಎಚ್ಚರವಿರಬೇಕು, ಆದರೆ ಅಲ್ಲಾಡಬಾರದು ಎಂದು ಕೇಳಿದ ಮೊದಲನೆಯವರು ಇವರು. ಬೋರ್ಡಿನ ವಿಷಯ ಎತ್ತಬೇಕೆಂದಿದ್ದೆ. ಮರೆತೇಹೋಯಿತು.

*

ಮಂಗಳವಾರ ಅವರ ಅಂಗಡಿಗೆ ರಜೆ. ಮಂಗಳವಾರ ಮಧ್ಯಾಹ್ನ ಮಕ್ಕಳ ಕೋಣೆಯೂ ಖಾಲಿ. ಹಾಗಾಗಿ ಅದು ನಮ್ಮ ದಿನವಾಯಿತು. ನಮ್ಮ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಅವರಿಗಾಗಿ ಹುಡುಕುತ್ತಾ ಹುಡುಕುತ್ತಾ ನನ್ನದೇ ಕಪಾಟುಗಳು ನನಗೆ ಹೊಸದಾದವು. ಯಾರೂ ಒಯ್ಯದೆ ಮೂಲೆ ಸೇರಿದ್ದ ಪುಸ್ತಕಗಳೆಲ್ಲ ಹೊರಗೆ ಬಂದವು. ಕೊಂಬೆಯ ಮೇಲೆ ಸುಮ್ಮನೆ ಕೂತ ಗೂಬೆಯದೊಂದು. ಗಾಳಿ ಬರಲೆಂದು ಕಾಯುವ ದೋಣಿಯದೊಂದು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಿಧಾನಕ್ಕೆ ಕತ್ತಲಾಗುವ ಒಂದು ಬೆಟ್ಟದ್ದು. ಇವೆಲ್ಲ ಬೋರು ಎಂದುಕೊಂಡಿದ್ದೆ. ಒಂದೊಂದು ಪುಟವನ್ನೂ ಅವಸರವಿಲ್ಲದೆ ನೋಡಿದಾಗ ಗೂಬೆಯ ಕಣ್ಣಲ್ಲಿ ಚಂದ್ರ ಇಷ್ಟಿಷ್ಟೇ ಸರಿಯುವುದು ಕಂಡಿತು. ಅದನ್ನು ಹೇಳಿದಾಗ ಅವರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಒಯ್ದು, ಪುಟ ಹಿಂದೆ ಮುಂದೆ ಮಾಡಿ ನೋಡಿ, "ಅರೆ!" ಎಂದರು. ಆ ಅರೆ ನನಗೆ ಆ ಇಡೀ ವಾರಕ್ಕೆ ಸಾಕಾಯಿತು.

ಒಯ್ಯುವ ಮೊದಲು ಪುಸ್ತಕವನ್ನು ಪರೀಕ್ಷೆ ಮಾಡಬೇಕು. ಅವರು ಕೆಂಪು ಕುರ್ಚಿಯಲ್ಲಿ ಮಗುವಾಗಿ ಕೂರುವುದು. ನಾನು ಎದುರಿಗೆ ಸ್ಟೂಲಿನ ಮೇಲೆ. ಪುಸ್ತಕವನ್ನು ಎದೆಯ ಮುಂದೆ ಅವರ ಕಡೆಗೆ ತಿರುಗಿಸಿ ಹಿಡಿದು, ಮೇಲಿನಿಂದ ಇಣುಕಿ, ತಲೆಕೆಳಗಾದ ಅಕ್ಷರಗಳನ್ನು ಓದುವುದು. ಈ ಕೆಲಸದವರಿಗೆಲ್ಲ ಅದೊಂದು ಚಟ. ಮನೆಯಲ್ಲಿ ಪೇಪರ್ ಓದುವಾಗಲೂ ನನ್ನ ಕೈ ಅದನ್ನು ಎದುರಿಗಿದ್ದವರ ಕಡೆಗೆ ತಿರುಗಿಸಿಬಿಡುತ್ತದೆ.

"ಗೂಬೆ ಕೂತಿದೆ," ನಾನು ಓದಿದೆ. "ಇನ್ನೂ ಕೂತಿದೆ."

ಅವರು ಅಲ್ಲಾಡಲಿಲ್ಲ. ರೆಪ್ಪೆ ಕೂಡ ಬಡಿಯಲಿಲ್ಲ.

"ನೀವು ಪುಸ್ತಕ ನೋಡ್ತಾ ಇಲ್ಲ."

"ನೋಡ್ತಾ ಇದ್ದೀನಲ್ಲ."

"ಗೂಬೆ ಯಾವ ಬಣ್ಣ ಹೇಳಿ?"

"ಹಸಿರು," ಎಂದರು ಥಟ್ಟನೆ.

"ಗೂಬೆ ಕಂದು. ಹಸಿರು ನನ್ನ ಕುರ್ತಾ."

ಅವರ ಕಣ್ಣು ನನ್ನ ಮುಖ ಬಿಟ್ಟು ಗದ್ದಕ್ಕೆ ಇಳಿಯಿತು, ಅಲ್ಲಿಂದ ಕುರ್ತಾದ ಕಾಲರ್‌ಗೆ, ಅಲ್ಲಿ ಸ್ವಲ್ಪ ತಡೆದು ಕೊನೆಗೂ ಗೂಬೆಯ ಮೇಲೆ ಕೂತಿತು. "ಹೌದು, ಕಂದು," ಎಂದು ತಪ್ಪೊಪ್ಪಿಕೊಂಡ ಹುಡುಗನಂತೆ ಹೇಳಿದರು. ನಾನು ಮುಂದಿನ ಪುಟ ತಿರುಗಿಸಲು ಹೋಗಿ ಒಟ್ಟಿಗೆ ಎರಡು ಪುಟ ತಿರುಗಿಸಿದೆ.

ಇಷ್ಟೆಲ್ಲ ಆದರೂ ನನಗೆ ನೆಮ್ಮದಿ ಎಂಬುದಿರಲಿಲ್ಲ. ಇದು ಬರೀ ಪುಸ್ತಕದ ವ್ಯವಹಾರವಾಗಿದ್ದರೆ? ಅವರಿಗೆ ಬೇಕಾದ ಪುಸ್ತಕಗಳೆಲ್ಲ ಮುಗಿದುಹೋದರೆ? ಕಪಾಟಿನಲ್ಲಿ ನಿಧಾನದ ಪುಸ್ತಕಗಳು ಇನ್ನೆಷ್ಟು ಉಳಿದಿವೆ ಎಂದು ನೋಡಿ ನೋಡಿ ಜೀವ ಹಿಡಿಯಾಗುತ್ತಿತ್ತು. ಕೇಳಿಬಿಡಬೇಕೆಂದು ಪ್ರತಿ ಸೋಮವಾರ ತೀರ್ಮಾನವಾಗುತ್ತಿತ್ತು. ಮಂಗಳವಾರ ಅವರ ಚಪ್ಪಲಿ ಸದ್ದು ಕೇಳಿದೊಡನೆ ಪುಸ್ತಕ ಹುಡುಕುವವಳಂತೆ ಕಪಾಟಿನ ಕಡೆ ತಿರುಗಿಬಿಡುತ್ತಿದ್ದೆ.

ಒಂದು ಮಂಗಳವಾರ ಅವರು ಬರುವ ಹೊತ್ತಿಗೆ ಕೋಣೆ ತುಂಬ ಪ್ಲೇಸ್ಕೂಲಿನ ಮಕ್ಕಳಿದ್ದವು. ನಾನು ಸೀನುವ ಆನೆಯ ಪುಸ್ತಕ ಓದುತ್ತಿದ್ದೆ. ಅದರಲ್ಲಿ ಪುಟ ಪುಟಕ್ಕೂ ಸೀನು ಬರುವಂತಾಗುತ್ತದೆ, ಬರುವುದಿಲ್ಲ. ಕೊನೆಗೆ ಒಂದು ಪುಟದಲ್ಲಿ ಬಂದೇಬಿಡುತ್ತದೆ. ಆ ಪುಟದಲ್ಲಿ ನಾನು ಕಣ್ಣು ಕಿರಿದು ಮಾಡಿ, ಮೂಗು ಸೊಟ್ಟ ಮಾಡಿ, ಕುರ್ಚಿಯಿಂದ ಅರ್ಧ ಎದ್ದು, ಕೈಲಿದ್ದ ಪುಸ್ತಕ ಹಾರುವಂತೆ "ಹಾ... ಹಾ... ಹಾಕ್ಷೀ!" ಎಂದು ಸೀನುತ್ತೇನೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ತಲೆಯೆತ್ತಿದರೆ ಬಾಗಿಲಲ್ಲಿ ಅವರು.

ಅಲ್ಲಿಯವರೆಗೆ ಅವರು ಮುಗುಳ್ನಕ್ಕದ್ದಷ್ಟೇ ಗೊತ್ತು. ಈಗ ನಗುತ್ತಿದ್ದರು. ಸದ್ದೇ ಇಲ್ಲ. ಮೊದಲು ಭುಜ ಕುಲುಕಿತು, ಆಮೇಲೆ ಹೊಟ್ಟೆ, ಕೊನೆಗೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣು ಒರೆಸಿಕೊಂಡರು. ನನಗೆ ನಾಚಿಕೆಯಿಂದ ನೆಲ ಬಾಯ್ಬಿಡಬಾರದೇ ಎನಿಸಿತು. ಅದರ ಜೊತೆಗೇ ಆ ನಗುವನ್ನು ಇನ್ನೊಂದು ಸಲ ನೋಡದಿದ್ದರೆ ಜೀವ ನಿಲ್ಲದು ಎಂದೂ ಅನಿಸಿತು.

ಅಂದು ಒಯ್ಯುವ ಪುಸ್ತಕಗಳ ಜೊತೆಗೆ ಆನೆಯನ್ನೂ ಅವರ ಚೀಲಕ್ಕೆ ಹಾಕಿದೆ. ಗ್ಯಾಸ್ ಆಫ್ ಮಾಡಿದೆನೇ ಎಂದು ಅರ್ಧ ದಾರಿಯಿಂದ ವಾಪಸ್ ಹೋಗಿ ನೋಡುವವಳು ನಾನು. ಕತ್ತರಿಗೂ ನಗುವಿಗೂ ಆಗದು ಎಂದು ಅವರೇ ಹೇಳಿದ್ದು ಆ ಕ್ಷಣ ನನಗೆ ನೆನಪೇ ಆಗಲಿಲ್ಲ. ಅವರೂ ಚೀಲದೊಳಗೆ ನೋಡಿದರು, ನನ್ನನ್ನು ನೋಡಿದರು, ಚೀಲ ಹೆಗಲಿಗೇರಿಸಿ ಹೊರಟರು.

*

ಸುದ್ದಿ ತಂದದ್ದು ಅಕ್ಕ. ಅವಳ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಬಂದದ್ದಂತೆ.

"ಆ ತಿರುವಿನ ಸಲೂನ್‌ನವನು ಒಂದು ಮಗೂ ಕಿವಿ ಕತ್ತರಿಸಿಬಿಟ್ಟನಂತೆ ಕಣೇ!"

"ಕಿವೀನಾ? ಪೂರ್ತಿನಾ?"

"ಬೆಳಗ್ಗೆ ಗೀರು ಅಂತಿದ್ರು. ಮಧ್ಯಾಹ್ನಕ್ಕೆ ತುದಿ ಹೋಗಿದೆ ಅಂದ್ರು. ಈಗ ನೋಡಿದ್ರೆ ಅರ್ಧ ಕಿವಿ ಅಂತ ಬಂದಿದೆ. ಏನೋ ಪುಸ್ತಕ ತೋರಿಸ್ತಾ ಇದ್ದನಂತೆ. ಆನೇದು."

ಆನೆ. ಮಗು ನಕ್ಕಿದೆ, ತಲೆ ಅಲ್ಲಾಡಿದೆ, ಕತ್ತರಿ ತಾಗಿದೆ. ಚೀಲಕ್ಕೆ ಆ ಪುಸ್ತಕ ಹಾಕಿದ್ದು ನನ್ನ ಕೈ.

ಮಗುವಿಗೆ ಆದದ್ದು ಕಿವಿಯ ಅಂಚಿನಲ್ಲೊಂದು ಗೀರು ಮಾತ್ರ, ಪ್ಲಾಸ್ಟರ್ ಹಚ್ಚಿಸಿಕೊಂಡು ಮರುದಿನವೇ ಆಡುತ್ತಿತ್ತು ಎಂದು ಆಮೇಲೆ ತಿಳಿಯಿತು. ಆದರೆ ಗೀರಿನ ವಿಷಯ ಗ್ರೂಪಿಗೆ ಬರಲೇ ಇಲ್ಲ. ಅರ್ಧ ಕಿವಿ ಮಾತ್ರ ಊರೆಲ್ಲ ಸುತ್ತಿತು.

ಮುಂದಿನ ಮಂಗಳವಾರ ಅವರು ಬರಲಿಲ್ಲ. ನಾನು ಅಂಡು ಸುಟ್ಟ ಬೆಕ್ಕಿನ ಹಾಗೆ ಕಪಾಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಕಪಾಟಿಗೆ ತಿರುಗಿದೆ. ಅದರ ಮುಂದಿನ ಮಂಗಳವಾರವೂ ಬರಲಿಲ್ಲ. ಕೋಪ ಇರಲೇಬೇಕು, ಮುಖ ನೋಡಲು ಇಷ್ಟವಿಲ್ಲದಿರಬೇಕು, ಇಷ್ಟು ದಿನ ಕಷ್ಟಪಟ್ಟು ಕಟ್ಟಿಕೊಂಡ ಹೆಸರನ್ನು ಲೈಬ್ರರಿಯವಳೊಬ್ಬಳು ಮಣ್ಣುಪಾಲು ಮಾಡಿದಳು ಎಂದುಕೊಂಡಿರಬೇಕು. ಹೋಗಿ ಕ್ಷಮೆ ಕೇಳಲು ಎರಡು ಸಲ ಹೊರಟೆ. ತಿರುವಿನವರೆಗೂ ಹೋಗಿ, ಬಲ್ಬ್ ಅಂಗಡಿಯಲ್ಲಿ ಬೇಡದ ಬಲ್ಬ್ ಕೊಂಡು ವಾಪಸ್ ಬಂದೆ. ಎರಡನೇ ಸಲದ್ದು ಮನೆಯ ಯಾವ ಹೋಲ್ಡರಿಗೂ ಹೊಂದಲಿಲ್ಲ.

"ಮಿಸ್, ಪುಟ ತಿರುಗಿಸಿ," ಎಂದು ಮಕ್ಕಳು ನೆನಪಿಸುವಂತಾಯಿತು.

ಕೊನೆಗೆ ದಾರಿ ತೋರಿಸಿದ್ದು ಅಕ್ಕನ ಮಗಳು. ನಾಲ್ಕು ವರ್ಷದ ಅವಳನ್ನು ಮನೆಯಲ್ಲಿ ಕರೆಯುವುದೇ ಮಿಡತೆ ಎಂದು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಊರಿನ ಇನ್ನೊಂದು ಸಲೂನಿನವರ ಕೈ ಕಚ್ಚಿ ಬಂದಿದ್ದಳು. ಮುಂಗೂದಲು ಬೆಳೆದು ಕಣ್ಣು ಮುಚ್ಚಿ, ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿದ್ದಳು.

"ನಾನು ಕರ್ಕೊಂಡು ಹೋಗ್ತೀನಿ. ಆ ತಿರುವಿನ ಸಲೂನ್‌ಗೆ," ಎಂದೆ.

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. "ತಲೆ ನೆಟ್ಟಗಿದ್ಯಾ ನಿಂಗೆ? ಆ ಕಿವಿ ಕತ್ತರಿಸೋನ ಕೈಗೆ ನನ್ನ ಮಗಳನ್ನ ಕೊಡ್ಲಾ?"

"ತಪ್ಪು ಅವರದ್ದಲ್ಲ ಅಕ್ಕ. ಆ ಪುಸ್ತಕ ಕೊಟ್ಟಿದ್ದು ನಾನು." ಎಲ್ಲ ಹೇಳಿದೆ. ಮಂಗಳವಾರ, ಗೂಬೆ, ಆನೆ, ಎಲ್ಲ.

ಅಕ್ಕ ನನ್ನ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಆಮೇಲೆ, "ಅಂದ್ರೆ ಮನಸ್ಸು ಕೊಟ್ಟಿದ್ದೀಯ," ಎಂದಳು.

"ಹಂಗೇನಿಲ್ಲ."

"ಹಂಗೇ ಇದೆ. ಮೂಗಿನ ತುದಿ ಕೆಂಪಾಗಿದೆ ನೋಡು." ನಿಟ್ಟುಸಿರು ಬಿಟ್ಟು ಎದ್ದಳು. "ಫಾರ್ಮಸೀಲಿ ಒಂದು ಕೆಲಸ ಇದೆ. ನೀವಿಬ್ರೂ ಮುಂದೆ ಹೋಗಿ, ನಾನು ಹಿಂದೇನೇ ಬರ್ತೀನಿ. ನಾನು ನೋಡ್ತಾ ಇರ್ಬೇಕಾದ್ರೆ ಕತ್ತರಿ ಆಡಿಸ್ಲಿ ಅವನು."

*

ಬಾಗಿಲು ತೆಗೆದಾಗ ಮೇಲೆ ಕಟ್ಟಿದ್ದ ಗಂಟೆ ಕಿಣಿಗುಟ್ಟಿತು. ಅಂಗಡಿ ಖಾಲಿ. ಅವರು ಮೂಲೆಯಲ್ಲಿ ಪೊರಕೆ ಹಿಡಿದು, ಕೂದಲೇ ಇಲ್ಲದ ನೆಲ ಗುಡಿಸುತ್ತಿದ್ದರು. ಕನ್ನಡಿಯ ಚೌಕಟ್ಟಿಗೆ ಹೊಡೆದಿದ್ದ ಪಟ್ಟಿ ಇರಲಿಲ್ಲ. ಕಿತ್ತ ಮೊಳೆಗಳ ತೂತುಗಳಷ್ಟೇ ಇದ್ದವು. ಮಕ್ಕಳನ್ನು ಕೂರಿಸಲು ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಡುವ ಹಲಗೆ ಗೋಡೆಗೆ ಒರಗಿತ್ತು.

ಅವರು ನನ್ನನ್ನು ನೋಡಿದರು. ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಉರು ಹಾಕಿದ್ದು ಒಂದಕ್ಷರವೂ ಹೊರಬರಲಿಲ್ಲ.

"ಪುಸ್ತಕ ವಾಪಸ್ ಕೊಡೋಕೆ ಬರ್ಬೇಕಿತ್ತು," ಎಂದರು ಅವರೇ. ಡ್ರಾಯರ್‌ನಿಂದ ಆನೆಯನ್ನು ತೆಗೆದರು. "ಪುಸ್ತಕ ಎತ್ತಿಡೋವಾಗ ಒಂದು ಪುಟಕ್ಕೆ ರಕ್ತ ಅಂಟ್ತು. ನೀರು ಹಚ್ಚಿ ಒರೆಸಿದೆ, ಹಾಳೆ ಉಬ್ಬಿಹೋಯ್ತು. ಹೊಸದು ಕೊಂಡು ಕೊಡೋಣ ಅಂತ ಎಲ್ಲಾ ಅಂಗಡೀಲೂ ಕೇಳಿದೆ, ಸಿಗ್ಲಿಲ್ಲ. ಯಾವ ಮುಖ ಇಟ್ಕೊಂಡು ಬರ್ಲಿ ಹೇಳಿ?"

ಇಷ್ಟು ದಿನ ಬಾರದೇ ಇದ್ದದ್ದು ಇದಕ್ಕೇ? ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

"ಪುಸ್ತಕ ಹಾಳಾಗ್ಲಿ ಬಿಡಿ! ಇವಳಿಗೆ ಕಟಿಂಗ್ ಮಾಡ್ಬೇಕು," ಎಂದೆ. ಮಿಡತೆ ಆಗಲೇ ಹಲಗೆಯನ್ನು ಎಳೆದು ತಂದು, ಅದನ್ನು ಕುರ್ಚಿಗೆ ಏರಿಸಲು ಒದ್ದಾಡುತ್ತಿದ್ದಳು.

"ಮಕ್ಕಳ ಕಟಿಂಗ್ ನಿಲ್ಲಿಸಿಬಿಟ್ಟೆ ಮೇಡಂ."

"ಇವತ್ತು ಒಂದು ಸಲ. ನಾನೇ ಎದುರಿಗೆ ನಿಂತು ಓದ್ತೀನಿ. ದೋಣಿ ಪುಸ್ತಕ ತಂದಿದ್ದೀನಿ, ಇದ್ರಲ್ಲಿ ನಗೋದು ಏನೂ ಇಲ್ಲ."

"ನೀವು ಓದೋದಾದ್ರೆ ನನ್ನಿಂದ ಆಗಲ್ಲ."

ಅಂದರೆ ನಾನೆಣಿಸಿದ್ದೇ ಸರಿ. "ನಂದೇ ತಪ್ಪು," ಎಂದೆ ತಲೆ ತಗ್ಗಿಸಿ. "ಆ ಪುಸ್ತಕ ಕೊಡಬಾರದಿತ್ತು. ಮಗು ನಕ್ಕು ತಲೆ ಅಲ್ಲಾಡಿಸುತ್ತೆ ಅಂತ ನನಗೆ ಹೊಳೀಬೇಕಿತ್ತು."

"ಮಗು ಅಲ್ಲಾಡ್ಲೇ ಇಲ್ಲ."

ನಾನು ತಲೆಯೆತ್ತಿದೆ.

"ಬೊಂಬೆ ಹಾಗೆ ಕೂತಿತ್ತು ಪಾಪ, ಆನೆ ಯಾವಾಗ ಸೀನುತ್ತೆ ಅಂತ ಉಸಿರು ಬಿಗಿ ಹಿಡ್ಕೊಂಡು." ಅವರು ಪೊರಕೆಯ ಹಿಡಿಯನ್ನು ಎರಡೂ ಕೈಯಲ್ಲಿ ತಿರುವುತ್ತಿದ್ದರು. "ಸೀನೋ ಪುಟ ಬಂತು. ನನಗೆ ನೀವು ಸೀನಿದ್ದು ನೆನಪಾಯ್ತು. ಮೂಗು ಸೊಟ್ಟ ಮಾಡ್ಕೊಂಡು, ಕುರ್ಚಿಯಿಂದ ಅರ್ಧ ಎದ್ದು... ನಗು ಬಂದುಬಿಡ್ತು. ಅಲ್ಲಾಡಿದ್ದು ನನ್ನ ಕೈ. ಮಗುವಿನ ಅಮ್ಮನಿಗೆ ತಪ್ಪು ನಂದೇ ಅಂತ ಹೇಳ್ದೆ. ಯಾಕೆ ಅಂತ ಹೇಳೋಕಾಗುತ್ತಾ?"

ಬೀದಿಯಲ್ಲಿ ಯಾವುದೋ ಸ್ಕೂಟರ್ ಹಾರ್ನ್ ಹೊಡೆಯುತ್ತಾ ಹೋಯಿತು.

"ಆ ಪುಸ್ತಕ ಕತ್ತರಿಗೆ ಹೊಂದಲ್ಲ ಅಂತ ಚೀಲದಲ್ಲಿ ನೋಡಿದಾಗಲೇ ಗೊತ್ತಾಗಿತ್ತು. ನೀವು ಕೊಟ್ರಲ್ಲ ಅಂತ ತಗೊಂಡೆ. ಗೂಬೆ ಓದಿದ್ರೂ ನಿಮ್ಮ ದನೀಲೇ ಓದ್ತೀನಿ. ಇಷ್ಟು ದಿನ ಕೈಯಲ್ಲಿ ಕತ್ತರಿ, ತಲೇಲಿ ನೀವು. ಒಂದಲ್ಲ ಒಂದು ದಿನ ಹೀಗಾಗೋದೇ ಇತ್ತು. ನನಗೆ ನೀವಂದ್ರೆ ತುಂಬಾ ಇಷ್ಟ. ಹೇಳೋಕೆ ಬರಲ್ಲ ನನಗೆ, ಹೇಳ್ಬಿಟ್ಟೆ."

ನಾನು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ಈಗ ಏನೂ ಹೇಳ್ಬೇಡಿ. ಇಲ್ಲ ಅಂದ್ರೂ ಕೈ ನಡುಗುತ್ತೆ, ಹೂಂ ಅಂದ್ರೂ ನಡುಗುತ್ತೆ. ನೋಡಿ, ಅವಳು ಆಗ್ಲೇ ಕೂತಿದ್ದಾಳೆ."

ನಿಜ. ಮಿಡತೆ ಹಲಗೆಯನ್ನು ಸೊಟ್ಟಗೆ ಇಟ್ಟುಕೊಂಡು ಅದರ ಮೇಲೆ ಮಹಾರಾಣಿಯಂತೆ ಕೂತಿದ್ದಳು. "ಅಂಕಲ್, ನನ್ ಕಿವಿ ಬೇಡ. ಕೂದಲು ಮಾತ್ರ," ಎಂದಳು.

ಅವರು ಅವಳನ್ನು ನೋಡುತ್ತಾ ನಿಂತರು. ಆಮೇಲೆ ಪೊರಕೆ ಬದಿಗಿಟ್ಟು, ಹಲಗೆ ನೆಟ್ಟಗೆ ಮಾಡಿ, ಕೈ ತೊಳೆದು, ಬಿಳಿ ಬಟ್ಟೆ ಕೊಡವಿ ಅವಳ ಕೊರಳಿಗೆ ಸುತ್ತಿದರು. ನನ್ನತ್ತ ನೋಡದೆ ಹೇಳಿದರು: "ಓದಿ. ಆದ್ರೆ ಮುಗಿಯೋವರೆಗೂ ನಾನು ತಲೆ ಎತ್ತಲ್ಲ. ಬೇಜಾರು ಮಾಡ್ಕೋಬೇಡಿ."

*

ಕನ್ನಡಿಗೆ ಬೆನ್ನು ಹಾಕಿ ನಿಂತೆ. ಎದೆಯ ಮುಂದೆ ದೋಣಿಯ ಪುಸ್ತಕ, ಅದರಾಚೆ ಮಿಡತೆಯ ಒದ್ದೆ ಕೂದಲು, ಅದರ ಮೇಲೆ ಬಾಗಿದ ಅವರ ಮುಖ. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ದೋಣಿ ನಿಂತಿದೆ," ಎಂದೆ. "ಗಾಳಿ ಇನ್ನೂ ಬಂದಿಲ್ಲ."

ಕತ್ತರಿ ಶುರುವಾಯಿತು. ಕಚ್ ಕಚ್ ಎಂಬ ಒಂದೊಂದು ಸದ್ದಿಗೂ ಮಿಡತೆಯ ಕಿವಿ ಇದೆಯೇ ಎಂದು ಇಣುಕುತ್ತಿದ್ದೆ. ನನ್ನ ಉತ್ತರ ಗಂಟಲಲ್ಲೇ ಕೂತಿತ್ತು. ನುಂಗಲೂ ಆಗದು, ಉಗುಳಲೂ ಆಗದು. ತಪ್ಪಿ ದೋಣಿಯ ಮಧ್ಯೆ ಹೂಂ ಎಂದುಬಿಟ್ಟರೇನು ಗತಿ ಎಂದು ತುಟಿ ಕಚ್ಚಿ ಕಚ್ಚಿ ಓದಿದೆ.

"ನಾವಿಕ ಹಾಯಿ ಬಿಚ್ಚಿದ. ಕಾದ."

"ಗಾಳಿ ಯಾವಾಗ ಬರುತ್ತೆ ಚಿಕ್ಕಿ?" ಮಿಡತೆಯ ಪಾದ ಬಟ್ಟೆಯೊಳಗೆ ಅಲ್ಲಾಡಿತು. ಭುಜವೂ ಅಲ್ಲಾಡಲು ಹೊರಟಿತು. ಕತ್ತರಿ ಆಗ ಸರಿಯಾಗಿ ಅವಳ ಎಡಗಿವಿಯ ಪಕ್ಕದಲ್ಲಿತ್ತು.

ಚಿಕ್ಕ ಮಕ್ಕಳಿಗೆ ಓದುವವರಿಗೆ ಗೊತ್ತಿರುವ ಒಂದೇ ಮಂತ್ರ: ಗದ್ದಲ ಎದ್ದಾಗ ದನಿ ಏರಿಸಬಾರದು, ಇಳಿಸಬೇಕು. ನಾನು ದನಿಯನ್ನು ಪಿಸುಮಾತಿಗೆ ಇಳಿಸಿದೆ. "ಶ್... ದೂರದಲ್ಲಿ... ನೀರಿನ ಮೇಲೆ... ಏನೋ... ಬರ್ತಾ ಇದೆ..." ಅವಳ ಕಣ್ಣು ಅಗಲವಾದವು. ಪಾದ ನಿಂತಿತು. ಉಸಿರೂ ನಿಂತ ಹಾಗಿತ್ತು.

ಕಿವಿಯ ಸುತ್ತ ಕತ್ತರಿ ಮೆಲ್ಲಗೆ ತಿರುಗಿತು. ಅವರ ಹಣೆಯಲ್ಲಿ ಬೆವರು ಹನಿಗಟ್ಟಿತ್ತು. ಕೆಳಗಿಳಿದ ರೆಪ್ಪೆ ಒಮ್ಮೆ ಮೇಲೇಳಲು ಹೊರಟು, ಅರ್ಧಕ್ಕೇ ನಿಂತು, ಮತ್ತೆ ಇಳಿಯಿತು. ನನ್ನನ್ನು ನೋಡದಿರಲು ಯಾರಾದರೂ ಇಷ್ಟು ಕಷ್ಟಪಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಆಗಲೇ ಬಾಗಿಲು ಧಡಕ್ಕನೆ ತೆರೆದು ಗಂಟೆ ಬಡಿದುಕೊಂಡಿತು. ಅಕ್ಕ!

ನಾನು ಬೆಚ್ಚಿದೆ. ಪುಸ್ತಕ ಕೈಯಿಂದ ಜಾರುವುದರಲ್ಲಿತ್ತು. ಅವರು ಬೆಚ್ಚಲಿಲ್ಲ. ಕತ್ತರಿ ಇದ್ದಲ್ಲೇ, ಬಾಯಿ ಮುಚ್ಚಿಕೊಂಡು, ಕೂದಲೆಳೆಯಷ್ಟೂ ಅಲುಗದೆ ನಿಂತಿತು. ಅವರ ಎಡಗೈ ಮಿಡತೆಯ ಕಿವಿಯನ್ನು ಪೂರ್ತಿ ಮುಚ್ಚಿಕೊಂಡಿತ್ತು. ಅಕ್ಕ ಬಾಗಿಲಲ್ಲೇ ಔಷಧದ ಕವರ್ ಎದೆಗವುಚಿಕೊಂಡು ಕಲ್ಲಾದಳು. ಗಂಟೆಯ ಸದ್ದು ಪೂರ್ತಿ ಅಡಗುವವರೆಗೆ ಯಾರೂ ಉಸಿರು ಬಿಡಲಿಲ್ಲ.

ಆಮೇಲೆ ಕತ್ತರಿ ಮತ್ತೆ ಬಾಯಿ ತೆರೆಯಿತು. ಕಚ್. ಅಕ್ಕ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಬೆಂಚಿನ ತುದಿಯಲ್ಲಿ ಕೂತಳು.

"ಗಾಳಿ ಬಂತು," ಓದಿದೆ. "ಹಾಯಿ ತುಂಬಿತು. ದೋಣಿ ಹೊರಟಿತು." ಕೊನೆಯ ಪುಟ ಬರೀ ನೀಲಿ ನೀರು. ಅದರಲ್ಲಿ ಓದಲು ಏನೂ ಇರಲಿಲ್ಲ. ಮಿಡತೆ ಆ ನೀಲಿಯನ್ನು ನೋಡುತ್ತಾ ಕೂತಳು. ಅಷ್ಟರಲ್ಲಿ ಅವರು ಮುಂಗೂದಲನ್ನು ಕೊನೆಯ ಸಲ ಬಾಚಿ, ನೆಟ್ಟಗಿದೆಯೇ ಎಂದು ಅಳೆದು, ಒಂದು ಎಳೆ ಕತ್ತರಿಸಿದರು.

ಬ್ರಷ್‌ನಿಂದ ಅವಳ ಕತ್ತು ಸವರಿದರು. ಬಾಚಣಿಗೆಯನ್ನು ಮೇಜಿನ ಮೇಲಿಟ್ಟರು. ಕತ್ತರಿಯನ್ನು ಅದರ ಪಕ್ಕ ಇಟ್ಟು, ಇನ್ನೂ ಸ್ವಲ್ಪ ದೂರಕ್ಕೆ ಸರಿಸಿದರು. ತಲೆ ಮಾತ್ರ ತಗ್ಗಿಯೇ ಇತ್ತು.

"ಈಗ ನೋಡ್ಬಹುದಾ?" ಎಂದರು.

ಅಕ್ಕ ಕೂತಿದ್ದಾಳೆ, ಮಿಡತೆ ಕಣ್ಣು ಕಣ್ಣು ಬಿಡುತ್ತಿದ್ದಾಳೆ, ಬೀದಿಯ ಕಡೆಗೆ ಪೂರ್ತಿ ಗಾಜಿನ ಬಾಗಿಲು. ಬೇರೆ ದಿನವಾಗಿದ್ದರೆ ಇಷ್ಟರಲ್ಲಿ ಹತ್ತು ನೆಪ ಹೊಳೆದಿರುತ್ತಿದ್ದವು ನನಗೆ.

"ನೋಡಿ," ಎಂದೆ.

ನೋಡಿದರು. ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದ ಆ ಕೈಗಳು ಈಗ ಗಡಗಡ ನಡುಗುತ್ತಿದ್ದವು.

"ಆ ಆನೆ ಪುಸ್ತಕ ಮಕ್ಕಳಿಗೆ ಅಂತ ಕೊಟ್ಟಿದ್ದಲ್ಲ," ಎಂದೆ. "ನೀವು ನಗೋದನ್ನ ಇನ್ನೊಂದು ಸಲ ನೋಡ್ಬೇಕಿತ್ತು. ಅದಕ್ಕೇ ಚೀಲಕ್ಕೆ ಹಾಕಿದ್ದು. ನನ್ನ ಉತ್ತರ ಹೂಂ. ದೋಣಿ ಹೊರಡೋಕೆ ಮುಂಚೆಯಿಂದ ಬಾಯಲ್ಲೇ ಇಟ್ಕೊಂಡು ನಿಂತಿದ್ದೀನಿ."

"ಅಬ್ಬಾ!" ಎಂದಳು ಅಕ್ಕ ಬೆಂಚಿನಿಂದ. ಅದು ಮಗಳ ಕಿವಿ ನೋಡಿಯೋ, ನನ್ನ ಮಾತು ಕೇಳಿಯೋ ತಿಳಿಯಲಿಲ್ಲ.

ಮೊದಲು ಅವರ ಭುಜ ಕುಲುಕಿತು.

"ಚಿಕ್ಕಿ, ಅಂಕಲ್ ಯಾಕೆ ನಗ್ತಿದ್ದಾರೆ? ದೋಣಿ ಕಥೇಲಿ ನಗೋದು ಏನೂ ಇಲ್ಲ ಅಂದ್ಯಲ್ಲ?" ಎಂದು ಮಿಡತೆ ಕೇಳಿದಳು. ಅವರು ಕುರ್ಚಿಯ ಬೆನ್ನು ಹಿಡಿದುಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಕೈಯಲ್ಲಿ ಕತ್ತರಿ ಇರಲಿಲ್ಲವಾದ್ದರಿಂದ ತಡೆಯಬೇಕಾದ್ದೂ ಇರಲಿಲ್ಲ. ನಾನು ಪುಸ್ತಕ ಮುಚ್ಚಿ ಕೆಳಗಿಟ್ಟು, ಆ ನಗುವನ್ನು ಕೊನೆಯವರೆಗೂ ನೋಡಿದೆ.